ನಲವತ್ತು ಕಂಪ್ಯೂಟರಿನ ಫೋಟೋ

ತಪಾಸಣೆಯ ದಿನ ಶಹಾಪುರದ ಆ ಕಾಲೇಜಿನ ಲ್ಯಾಬಿನಲ್ಲಿ ನಲವತ್ತು ಕಂಪ್ಯೂಟರುಗಳಿದ್ದವು. ತಪಾಸಣೆ ಮುಗಿಸಿ ಹೊರಟವರ ಕಾರು ಊರು ದಾಟುವ ಮೊದಲೇ, ಯಾದಗಿರಿಯಿಂದ ಬಾಡಿಗೆಗೆ ತಂದಿದ್ದ ಮೂವತ್ತಾರನ್ನು ಬಿಚ್ಚಿ, ಬಂದ ಟೆಂಪೋದಲ್ಲೇ ವಾಪಸು ಕಳಿಸಲಾಯಿತು. ಹೊತ್ತು ಹಾಕಿದವರು ವಿದ್ಯಾರ್ಥಿಗಳು.

ಆವತ್ತು ಕೀಬೋರ್ಡುಗಳ ಕಟ್ಟನ್ನು ಎದೆಗವಚಿಕೊಂಡು ಮೆಟ್ಟಿಲಿಳಿದವರಲ್ಲಿ ಸುರಪುರದ ಗುಲಫಶಾ ಒಬ್ಬಳು. ಬಿಸಿಎ ಕೊನೆಯ ವರ್ಷ. ಪ್ರೋಗ್ರಾಮಿಂಗು, ಡಿಜಿಟಲ್ ಮೀಡಿಯಾ ಡಿಸೈನು ಅವಳ ವಿಷಯಗಳು. ಅಪ್ಪ ಸರದಾರಸಾಬ ತಗಡಿನ ಪೆಟ್ಟಿಗೆ ಮಾಡುವ ಕಸುಬಿನವನು. ಸೀಟು ಸಿಕ್ಕರೂ ಬಸ್ಸಿನಲ್ಲಿ ಕೂಡಲಾರದ ಹುಡುಗಿ. ದಾರಿಯ ನಡುವಿನ ಹತ್ತಿಗೂಡೂರು ಬರುವಷ್ಟರಲ್ಲಿ ಹತ್ತು ಸಲ ಕಾಲು ಬದಲಿಸುತ್ತಾಳೆ.

ಉಳಿದ ನಾಲ್ಕು ಕಂಪ್ಯೂಟರುಗಳಲ್ಲಿ ಎರಡು ಸತ್ತಿದ್ದವು. ಕ್ಲಾಸಿನಲ್ಲಿ ಐವತ್ತೆಂಟು ಮಂದಿ. ಹಾಗಾದರೆ ಪ್ರೋಗ್ರಾಮು ಕಲಿಯುವುದು ಹೇಗೆ? ಅದಕ್ಕೆ ಕಾಲೇಜಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಹಿಂದಿನ ವರ್ಷದವರು ತಮ್ಮ ರೆಕಾರ್ಡ್ ಬುಕ್ಕನ್ನು ಮುಂದಿನವರಿಗೆ ಕೊಡುವುದು, ಮುಂದಿನವರು ಅದನ್ನು ನೋಡಿ ಬರೆಯುವುದು. ಎಡಗಡೆ ಪ್ರೋಗ್ರಾಮು. ಬಲಗಡೆ ಪೆನ್ಸಿಲ್ಲು, ಪಟ್ಟಿ ಇಟ್ಟು ಒಂದು ಚೌಕ ಎಳೆದು, ಕಂಪ್ಯೂಟರು ಕೊಟ್ಟ ಉತ್ತರವನ್ನು ಅದರೊಳಗೆ ಬರೆಯುವುದು. ಯಾವ ಕಂಪ್ಯೂಟರು, ಯಾವಾಗ ಕೊಟ್ಟಿತು ಎಂದು ಕೇಳುವಂತಿಲ್ಲ. ಕೆಳಗೆ ಮೇಷ್ಟ್ರ ಕೆಂಪು ಸಹಿ.

ಒಂದು ದಿನ ಬಸ್ಸಿನಲ್ಲಿ, ಕೈ ಸುಮ್ಮನಿರದೆ, ಗುಲಫಶಾ ರೆಕಾರ್ಡಿನ ಮೊದಲ ಪ್ರೋಗ್ರಾಮನ್ನು ಮೊಬೈಲಿನಲ್ಲಿ ಟೈಪು ಮಾಡಿ ಓಡಿಸಿದಳು. ಹದಿನೇಳು, ಇಪ್ಪತ್ತಾರು, ಎರಡನ್ನೂ ಕೂಡಿಸುವ ಪ್ರೋಗ್ರಾಮು. ಮೊಬೈಲು ನಲವತ್ತಮೂರು ಎಂದಿತು. ರೆಕಾರ್ಡಿನ ಚೌಕದಲ್ಲಿ ನಲವತ್ತನಾಲ್ಕು ಇತ್ತು. ಪಕ್ಕದವಳ ರೆಕಾರ್ಡು ಇಸಿದುಕೊಂಡು ನೋಡಿದಳು: ನಲವತ್ತನಾಲ್ಕು. ಕಾಲೇಜಿಗೆ ಹೋಗಿ ಹಳೆಯ ರೆಕಾರ್ಡುಗಳನ್ನೂ ತೆಗೆದು ನೋಡಿದಳು: ಆರು ವರ್ಷ, ಆರು ಬ್ಯಾಚು, ಎಲ್ಲರ ಚೌಕದಲ್ಲೂ ನಲವತ್ತನಾಲ್ಕು, ಎಲ್ಲದರ ಕೆಳಗೂ ಕೆಂಪು ಸಹಿ. ಕೂಡಿಸಿ ನೋಡಲು ಕಂಪ್ಯೂಟರೂ ಬೇಡವಾಗಿತ್ತು, ಬೆರಳು ಸಾಕಿತ್ತು.

ಲ್ಯಾಬು ನೋಡಿಕೊಳ್ಳುವ ವಿಶ್ವರಾಧ್ಯ ಸರ್ ಅತಿಥಿ ಉಪನ್ಯಾಸಕ. ಅವರ ಮುಂದೆ ಮೊಬೈಲು, ರೆಕಾರ್ಡು ಎರಡನ್ನೂ ಹಿಡಿದಳು.

"ಸರ್, ನಲವತ್ಮೂರು ಬರಾಕತ್ತದ್ರಿ."

"ಹೌದವ್ವ, ನಲವತ್ಮೂರೇ."

"ಮತ್ತ ಬರದದ್ದು?"

ಸರ್ ಕಿಟಕಿಯಾಚೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಕಡೆ ನೋಡಿದರು. "ಪರೀಕ್ಷಾಕ್ಕ ಹೊರಗಿಂದ ಬಂದವ್ರು ಹೋದವರ್ಷದ್ದು ಇಟ್ಟು ಹೊಂದಿಸಿ ನೋಡ್ತಾರ. ನೀ ಒಬ್ಬಾಕಿ ಬ್ಯಾರೆ ಬರದ್ರ ನೀನಽ ತಪ್ಪು ಆಗ್ತೀ. ಹಂಗಽ ಬಿಡು."

ಬಿಟ್ಟಳು. ಆದರೆ ಆ ನಲವತ್ತನಾಲ್ಕು ಅವಳನ್ನು ಬಿಡಲಿಲ್ಲ. ಊಟಕ್ಕೆ ಕೂತರೂ ಎದ್ದರೂ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡಿತು.

ಮೇ ತಿಂಗಳು, ಅಡ್ಮಿಶನ್ನಿನ ಕಾಲ. ಸಂಸ್ಥೆಯ ಕಾರ್ಯದರ್ಶಿ ಭಾಗಣ್ಣ ಅವಳನ್ನು ಆಫೀಸಿಗೆ ಕರೆಸಿದರು.

"ಲಗ್ನದ ಕಾರ್ಡು ಭಾರಿ ಮಾಡ್ತೀಯಂತಲ್ಲವ್ವ. ನಮ್ದೊಂದು ಫ್ಲೆಕ್ಸ್ ಮಾಡು. ಸುರಪುರ, ಹುಣಸಗಿ ಬಸ್‌ಸ್ಟ್ಯಾಂಡಿಗೆ ಹಚ್ಚೂದು. ನಡುವ ನಮ್ಮ ಲ್ಯಾಬಿನ ಫೋಟೋ, ನಲವತ್ತು ಕಂಪ್ಯೂಟರ."

"ನಾಕಽ ಅದಾವಲ್ರಿ."

ಭಾಗಣ್ಣ ನಕ್ಕರು. "ನಾಕಿದ್ದದ್ದು ನಲವತ್ತು ಮಾಡಾಕಽ ಅಲ್ಲೇನು ನೀ ಡಿಸೈನ್ ಕಲ್ತದ್ದು?" ಆಮೇಲೆ, ನಗು ಆರುವ ಮೊದಲೇ, "ಪ್ರಾಕ್ಟಿಕಲ್ ನಂಬರ ನಮ್ ಕೈಯಾಗ ಇರ್ತಾವ. ಪಾಸಾದ ಮ್ಯಾಲ ಲ್ಯಾಬಿನ ಕೆಲಸಾನೂ ನಿನಗಽ ಅಂತ ಇಟ್ಕೊ."

ಅವಳು ಮಾಡಿದಳು. ಸುಳ್ಳು ಹೇಳುವುದೇಕೆ, ಖುಷಿಯಿಂದಲೇ ಮಾಡಿದಳು. ಲ್ಯಾಬಿನ ಫೋಟೋದಿಂದ ನಾಲ್ಕು ಕಂಪ್ಯೂಟರನ್ನು ಕತ್ತರಿಸಿ, ಅವನ್ನೇ ಮತ್ತೆ ಮತ್ತೆ ಅಂಟಿಸಿ ಸಾಲು ಹಚ್ಚಿದಳು. ಹಿಂದಿನ ಸಾಲುಗಳನ್ನು ದೂರಕ್ಕೆ ತಕ್ಕಂತೆ ಸಣ್ಣದು ಮಾಡಿದಳು. ಒಂದೊಂದರ ಕೆಳಗೂ ನೆರಳು ಬಿಟ್ಟಳು. ಕಿಟಕಿಯ ಬೆಳಕು ಕೊನೆಯ ಸಾಲಿನ ಗಾಜಿನ ಮೇಲೆ ಬಿದ್ದ ಹಾಗೆ ಮಾಡಿದಾಗ ತನಗೆ ತಾನೇ "ವಾಹ್" ಎಂದುಕೊಂಡಳು. ನೋಡಲೆಂದು ಸಣ್ಣ ನಮೂನೆಯೊಂದನ್ನು ಭಾಗಣ್ಣನವರ ಮೊಬೈಲಿಗೆ ಕಳಿಸಿದಳು. ಫ್ಲೆಕ್ಸಿಗೆ ಬೇಕಾದ ದೊಡ್ಡ ಫೈಲು ಅವಳ ಪೆನ್‌ಡ್ರೈವಿನಲ್ಲಿತ್ತು.

ಸಂಜೆ ಮನೆಗೆ ಬಂದರೆ ಪಕ್ಕದ ಮನೆಯ ಕಲ್ಯಾಣಮ್ಮ ಮಗಳನ್ನು ಕರೆದುಕೊಂಡು ಕೂತಿದ್ದಳು. ಮಗಳು ದಾನೇಶ್ವರಿ, ಈ ವರ್ಷ ಪಿಯುಸಿ ಪಾಸು.

"ಇಕಿನ್ನ ನಿಮ್ಮ ಕಾಲೇಜಿಗೇ ಹಾಕಬೇಕಂತೀನಿ ಗುಲಫಶಾ. ನೀ ಓದಿದ್ದಽ ಇಕಿ ಓದ್ಲಿ."

ದಾನೇಶ್ವರಿ ಆಗಲೇ ಮೊಬೈಲು ಮುಂದೆ ಹಿಡಿದಿದ್ದಳು. ನಮೂನೆ ಯಾರ‍್ಯಾರದೋ ಸ್ಟೇಟಸ್ಸು ಹತ್ತಿ ಅವಳ ತನಕ ಬಂದಿತ್ತು. "ಅಕ್ಕಾ, ಎಷ್ಟು ಕಂಪ್ಯೂಟರ! ನೋಡಿಲ್ಲೆ," ಎಂದು ಕೊನೆಯ ಸಾಲಿನ, ಕಿಟಕಿ ಪಕ್ಕದ್ದನ್ನು ಬೆರಳಿಂದ ಮುಟ್ಟಿದಳು. "ಇದು ನಂದು. ಬ್ಯಾರೆ ಯಾರಿಗೂ ಬಿಡಂಗಿಲ್ಲ. ನಿನ್ನ ರೆಕಾರ್ಡ್ ಬುಕ್ಕೂ ನನಗಽ ಕೊಡಬೇಕು, ಮದ್ಲಽ ಹೇಳಿಟ್ಟೀನಿ."

ಅವಳ ಬೆರಳ ಕೆಳಗಿದ್ದುದು, ಗುಲಫಶಾ ಆ ಮಧ್ಯಾಹ್ನ ಬೆಳಕು ಬಿಟ್ಟು ವಾಹ್ ಎಂದುಕೊಂಡ ಕಂಪ್ಯೂಟರು.

"ದಾನೇಶಿ, ಅದು ಇಲ್ಲವ್ವ," ಎಂದಳು.

"ಯಾವ್ದು?"

"ನೀ ಹಿಡದದ್ದು. ಅದರ ಆಜೂಬಾಜೂದ್ದೂ ಇಲ್ಲ. ಇರೋವು ನಾಕು."

ದಾನೇಶ್ವರಿ ನಕ್ಕಳು. "ಚಾಷ್ಟಿ ಮಾಡಬ್ಯಾಡ ಅಕ್ಕಾ. ಫೋಟೋದಾಗ ಕಾಣಾಕತ್ತಾವಲ್ಲ!"

ಅವರು ಹೋದ ಮೇಲೆ ಗುಲಫಶಾ ಅಂಗಳದಿಂದ ಒಲೆಗೆ, ಒಲೆಯಿಂದ ಅಂಗಳಕ್ಕೆ ತಿರುಗತೊಡಗಿದಳು. "ಕೈಕು ಗೇ, ಬೈಠ್‌ತೀಚ್ ನೈ?" ಎಂದು, ಒಂದೆಡೆ ಕೂಡದ ಮಗಳನ್ನು ತಾಯಿ ಮಸ್ತಾನಬಿ ಗದರಿದಳು. ಕೂಡುವುದೆಲ್ಲಿಂದ? ತಾನು ಬಾಯಿಬಿಟ್ಟು ಹೇಳಿದ ನಿಜವನ್ನು ತಾನೇ ಮಾಡಿದ ಫೋಟೋ ಸುಳ್ಳು ಮಾಡಿತ್ತು.

ಮರುದಿನ ಆಫೀಸಿನಲ್ಲಿ ಭಾಗಣ್ಣನವರೂ ಇದ್ದರು, ವಿಶ್ವರಾಧ್ಯ ಸರ್ ಕೂಡ ಇದ್ದರು. ಫ್ಲೆಕ್ಸಿನ ಅಂಗಡಿಯವನು ಎರಡು ಸಲ ಫೋನು ಮಾಡಿದ್ದ; ಸಣ್ಣ ನಮೂನೆ ದೊಡ್ಡದು ಮಾಡಿದರೆ ಮಸುಕಾಗುತ್ತದೆ, ದೊಡ್ಡ ಫೈಲೇ ಬೇಕಂತೆ.

"ಕೂಡು. ಈಗಿಂದೀಗ ಕಳ್ಸು," ಎಂದರು ಭಾಗಣ್ಣ.

ಗುಲಫಶಾ ಕೂತು ಪೆನ್‌ಡ್ರೈವು ಚುಚ್ಚಿ ಫೈಲು ತೆರೆದಳು. ಕೊನೆಯ ಸಾಲಿನ ಕಿಟಕಿ ಪಕ್ಕದ್ದನ್ನು ಮೊದಲು ಅಳಿಸಿದಳು. ಆಮೇಲೆ ಅದರ ಪಕ್ಕದ್ದು. ಒಂದೊಂದಾಗಿ ಮೂವತ್ತಾರು. ಹಿಂದೆ ನಿಂತು ನೋಡುತ್ತಿದ್ದ ಭಾಗಣ್ಣನವರಿಗೆ ಅರ್ಥವಾಗುವಷ್ಟರಲ್ಲಿ ಪರದೆಯ ಮೇಲೆ ಖಾಲಿ ಮೇಜುಗಳ ನಡುವೆ ನಾಲ್ಕೇ ಉಳಿದಿದ್ದವು. ಹಾಗೇ ಸೇವ್ ಮಾಡಿದಳು.

"ಏ, ತಲಿ ನೆಟ್ಟಗದನ? ನಂಬರ ಬ್ಯಾಡೇನು ನಿನಗ?"

"ಮಾಡಿ ಕೊಡವ್ವ," ಎಂದರು ವಿಶ್ವರಾಧ್ಯ ಸರ್, ಮೆಲ್ಲಗೆ. "ಮೂರು ವರ್ಷ ಬಸ್ಸಿನ್ಯಾಗ ನಿಂತು ಬಂದೀದಿ. ದಂಡ ಮಾಡ್ಕೋಬ್ಯಾಡ."

ಗುಲಫಶಾ ಅವರ ಕಡೆ ತಿರುಗಿದಳು. "ಸರ್, ಹದಿನೇಳು ಇಪ್ಪತ್ತಾರು ಕೂಡಿದ್ರ ಎಷ್ಟ್ರಿ?"

ಸರ್ ಭಾಗಣ್ಣನವರ ಮುಖ ನೋಡಿದರು.

"ಲೆಕ್ಕ ಆಮ್ಯಾಲ!" ಭಾಗಣ್ಣ ಮೇಜು ಬಡಿದರು. "ಮದ್ಲಿನಂಗ ಮಾಡು. ನಲವತ್ತು ಮಾಡಿ ಕಳ್ಸು."

ಅವಳು ಪೆನ್‌ಡ್ರೈವು ಕಿತ್ತು ಮುಷ್ಟಿಯಲ್ಲಿ ಹಿಡಿದು ಎದ್ದು ನಿಂತಳು. ಎಂದೂ ಒಂದೆಡೆ ನಿಲ್ಲದ ಕಾಲು ಈಗ ಅಲುಗಲಿಲ್ಲ.

"ಮಾಡಂಗಿಲ್ರಿ."