ತಳಕ್ಕಿಳಿದ ಔಷಧಿ

ಅಕ್ಕನ ಮಗುವಿಗೆ ಫಿಟ್ಸ್. ಡಾಕ್ಟರು ಬರೆದ ಔಷಧಿ ಅಂಗಡಿಗಳಲ್ಲಿ ದೊಡ್ಡವರ ಮಾತ್ರೆಯಾಗಿ ಮಾತ್ರ ಸಿಗುತ್ತಿತ್ತು. ದೊಡ್ಡಾಸ್ಪತ್ರೆಯ ಔಷಧಾಲಯದಲ್ಲಿ ಅದನ್ನೇ ಸಿರಪ್ ಮಾಡಿ ಕೊಡುತ್ತಾರೆ. ಆದರೆ ಎರಡು ಬಸ್ಸು ಹತ್ತಬೇಕು.

"ಫಾರ್ಮಸಿ ಓದೋಳು ಮನೇಲೇ ಇರುವಾಗ ಅಲ್ಲಿಗ್ಯಾಕೆ ಅಲೀಬೇಕು? ನೀನೇ ಮಾಡ್ಕೊಡೆ" ಎಂದಳು ಅಕ್ಕ.

ತಂಗಿ ಉಬ್ಬಿಹೋದಳು. ನಿಜ ಹೇಳಬೇಕೆಂದರೆ ಕಾಲೇಜಿನಲ್ಲಿ ಔಷಧಿ ತಯಾರಿಸುವ ತರಗತಿ ಅವಳಿಗೆ ತಾತ್ಸಾರ. "ಎಲ್ಲಾ ಕಂಪನಿಯಿಂದ್ಲೇ ಬರುತ್ತೆ, ಈ ಅರೆಯೋದು ತೂಗೋದು ಯಾವ ಕಾಲದ್ದು!" ಎಂದು ಪಕ್ಕದವಳ ಲೆಕ್ಕ ನೋಡಿ ಬರೆದು ಎದ್ದುಬರುತ್ತಿದ್ದಳು.

ಅಡುಗೆಮನೆಯಲ್ಲಿ ಐದು ದಿನಕ್ಕಾಗುವಷ್ಟು ಮಾತ್ರೆ ಅಂದಾಜಿನಲ್ಲಿ ಅರೆದಳು. ಬಾಟಲಿಗೆ ಸುರಿದು ನೀರು ತುಂಬಿದಳು. "ದಿನಕ್ಕೆರಡು ಚಮಚ" ಎಂದಳು.

ಐದನೇ ದಿನ ಬಾಟಲಿಯ ತಳದಲ್ಲಿದ್ದ ಕೊನೇ ಚಮಚ ಕುಡಿಸಿದ್ದಾಯಿತು. ಮಧ್ಯಾಹ್ನ, ಎಷ್ಟು ಅಲುಗಿಸಿದರೂ ಮಗು ಕಣ್ಣು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಬಾಟಲಿ ಎತ್ತಿ ಹಿಡಿದರು. "ಇದನ್ನ ಯಾರು ಮಾಡಿದ್ದು?"

ತಂಗಿ ಅಕ್ಕನ ಹಿಂದೆ ಸರಿದಳು. ಅಕ್ಕನೇ ತಲೆತಗ್ಗಿಸಿ, "ನಾನೇ ಸಾರ್, ಗೊತ್ತಿಲ್ದೆ ಮಾಡ್ಬಿಟ್ಟೆ" ಎಂದಳು. ಭೂಮಿ ಬಿರಿದು ನುಂಗಬಾರದೇ ಅನ್ನಿಸಿತು ತಂಗಿಗೆ. ಆದರೂ ನಿಜ ಹೇಳಲಿಲ್ಲ.

ಮಗುವಿಗೆ ಎಚ್ಚರವಾದದ್ದು ಮಾರನೇ ಬೆಳಿಗ್ಗೆ. ತಂಗಿ ಬಾಟಲಿ ಹಿಡಿದು ಕಾಲೇಜಿಗೆ, ಆ ತರಗತಿಯ ಟೀಚರ ಹತ್ತಿರ ಓಡಿದಳು.

"ಪುಡಿ ಕರಗಿಲ್ಲ ಕಣಮ್ಮ, ತಳಕ್ಕಿಳಿದಿದೆ. ಮೊದಲು ಮಗುಗೆ ಸಿಕ್ಕಿದ್ದು ಹೆಚ್ಚುಕಮ್ಮಿ ಬರೀ ನೀರು. ಕೊನೇ ಚಮಚದಲ್ಲಿ ಹೋಗಿದ್ದು ಅಷ್ಟೂ ದಿನದ ಔಷಧಿ. ಪುಡಿ ತೇಲ್ತಾ ಇರೋಕೆ ಏನು ಬೆರೆಸ್ಬೇಕು ಅಂತ ಹೋದ ತಿಂಗಳು ಹೇಳ್ಕೊಟ್ಟಿದ್ದೆನಲ್ಲ?"

"ನಾನು ಪಕ್ಕದವಳದ್ದು ನೋಡ್ಕೊಂಡು ಬರೆದೆ, ಮೇಡಂ."

"ಗೊತ್ತಿತ್ತು. ಗೊತ್ತಿದ್ದೂ ಅಂಕ ಕೊಟ್ಟೆ." ಟೀಚರ ದನಿ ಇಳಿಯಿತು. "ನನಗೂ ಮುಖ ಎತ್ತೋಕಾಗ್ತಿಲ್ಲ. ಡಾಕ್ಟರಿಗೆ ನಿಜ ಹೇಳಿದ್ಯಾ?"

ಇನ್ನೂ ಹೇಳಿರಲಿಲ್ಲ. ತಂಗಿ ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ, ಅಕ್ಕನ ಎದುರೇ ಹೇಳಿದಳು: "ಸಾರ್, ಮಾಡಿದ್ದು ನಾನು."

ಅಂದಿನಿಂದ ಆ ತರಗತಿಯಲ್ಲಿ ಒಬ್ಬೊಬ್ಬರೇ ತೂಗಿ, ಅರೆದು, ಬೆರೆಸಿ ತೋರಿಸಿದರೇ ಅಂಕ. ಅಕ್ಕ ಈಗ ಎರಡು ಬಸ್ಸು ಹತ್ತುತ್ತಾಳೆ. ಒಮ್ಮೆ ಔಷಧಾಲಯದ ಕಿಟಕಿಯಲ್ಲಿ ನಿಂತು, ಒಳಗೆ ತೂಗಿ ಬೆರೆಸುವುದನ್ನು ನೋಡಿ, ಜೊತೆಗೆ ಬಂದಿದ್ದ ತಂಗಿಯನ್ನು ಕೇಳಿದಳು: "ಇಷ್ಟೊಂದು ಇದ್ಯೇನೇ ಇದ್ರಲ್ಲಿ?"

"ಇದೆ ಅಕ್ಕ. ಈಗ ಕಲೀತಿದೀನಿ."

ಫಾರ್ಮಸಿ ಓದುವ ಮಕ್ಕಳೇ, ನೀವು ನೋಡಿ ಬರೆದ ಲೆಕ್ಕ ನಾಳೆ ಯಾವುದೋ ಮಗುವಿನ ಬಾಯಿಗೆ ಹೋಗುತ್ತದೆ. ಕೈಯಾರೆ ಮಾಡಿ ಕಲಿಯಿರಿ. ಕಲಿಸುವವರೂ ಅಷ್ಟೇ, ಮಾಡಿ ತೋರಿಸದೆ ಬಿಡಬೇಡಿ. ಇನ್ನು ಮನೆಯವರು, ದೊಡ್ಡವರ ಮಾತ್ರೆಯನ್ನು ಅಂದಾಜಿನಲ್ಲಿ ಅರೆದು ಮಕ್ಕಳಿಗೆ ಕೊಡಬೇಡಿ. ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.