ಬೆನ್ನ ಹಿಂದಿನ ಬೆರಳುಗಳು

ಆ ವ್ಯಕ್ತಿಯನ್ನು ಮೊದಲ ಸಲ ಕಂಡವರ ಕಣ್ಣು ಮುಖಕ್ಕಿಂತ ಮುಂಚೆ ಕೈಗಳನ್ನು ಹುಡುಕುತ್ತಿತ್ತು. ಏಕೆಂದರೆ ಕೈಗಳು ಕಾಣುತ್ತಿರಲಿಲ್ಲ. ನಡೆಯುವಾಗ, ನಿಲ್ಲುವಾಗ, ಮೇಲಧಿಕಾರಿಗಳ ಮಾತಿಗೆ ತಲೆದೂಗುವಾಗ, ಅವೆರಡೂ ಬೆನ್ನ ಹಿಂದೆ, ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಯಾವುದೋ ವ್ರತಕ್ಕೆ ಬದ್ಧವಾದಂತೆ ಇರುತ್ತಿದ್ದವು. ನೀಳ ದೇಹವನ್ನು ತುಸು ಮುಂದಕ್ಕೆ ಬಾಗಿಸಿ, ಕೆಸರಿನಲ್ಲಿ ನಡೆಯುವ ಕೊಕ್ಕರೆಯಂತೆ ಹೆಜ್ಜೆ ಎತ್ತಿಟ್ಟು ಅವರು ನೀರು ಸರಬರಾಜು ಇಲಾಖೆಯ ಕಾರಿಡಾರಿನಲ್ಲಿ ಸಾಗುವುದನ್ನು ನೋಡಿ ಜನ ಇಟ್ಟ ಹೆಸರು ಕೈಕಟ್ಟು ಮೇಷ್ಟ್ರು. ವೃತ್ತಿಯಿಂದ ಅವರು ವಿದ್ಯುತ್ ವಿಭಾಗದ ಹಿರಿಯ ಮೇಲ್ವಿಚಾರಕರು. ತಪ್ಪು ಕಂಡಲ್ಲಿ ಬೈಯದೆ ಪ್ರಶ್ನೆ ಕೇಳುತ್ತಿದ್ದುದರಿಂದ ಮೇಷ್ಟ್ರಾದರು.

ಈ ಕೈಕಟ್ಟಿನ ಕಾರಣವನ್ನು ಕುರಿತು ಇಲಾಖೆಯಲ್ಲಿ ಭಾಷ್ಯಗಳಿಗೆ ಬರವಿರಲಿಲ್ಲ. ಅಹಂಕಾರವೆಂದರು ಕೆಲವರು, ಎಂದೋ ವಿದ್ಯುತ್ತು ತಗುಲಿ ಬೆರಳು ಸುಟ್ಟಿರಬೇಕೆಂದು ಕನಿಕರಿಸಿದರು ಇನ್ನು ಕೆಲವರು. ಅವರ ಬೂದುಬಣ್ಣದ ಕೋಟು ಈ ಊಹಾಪೋಹಕ್ಕೆ ಮತ್ತಷ್ಟು ಇಂಬು ಕೊಡುತ್ತಿತ್ತು. ಮೊಣಕೈಯಲ್ಲಿ ಸವೆದು ನೂಲು ತೋರುತ್ತಿದ್ದ ಆ ಕೋಟಿನ ಎರಡು ಜೇಬುಗಳ ಬಾಯಿಯನ್ನೂ ದಪ್ಪ ದಾರದಿಂದ ಹೊಲಿದು ಮುಚ್ಚಲಾಗಿತ್ತು. “ಯಾರೂ ಏನೂ ಹಾಕದಿರಲಿ ಅಂತ ಹೊಲಿಸಿದಾರೆ” ಎಂದು ಗೌರವವಿದ್ದವರು ಹೇಳಿದರೆ, “ತಾವೂ ಏನೂ ತೆಗೀದೆ ಇರ್ಲಿ ಅಂತ” ಎಂದು ನಗೆಗಾರರು ಪೂರೈಸುತ್ತಿದ್ದರು.

ಕುತೂಹಲ ಎಲ್ಲರಿಗಿಂತ ಹೆಚ್ಚು ಕಾಡಿದ್ದು ಮೀಟರಕ್ಕನನ್ನು. ನೀರಿನ ಮೀಟರು ದುರಸ್ತಿಯಾಗುವ ಕಾರ್ಯಾಗಾರದಲ್ಲಿ ಆಕೆಯ ಕೈಚಳಕಕ್ಕೆ ಸಾಟಿಯಿಲ್ಲವೆಂದೇ ಆಕೆಯನ್ನು ಮೇಲ್ವಿಚಾರಕಿಯನ್ನಾಗಿ ಮಾಡಿದ್ದರು. ಮಾಡಿದ ಮೇಲೂ ಆಕೆ, ಯಾರಾದರೂ ಸ್ಕ್ರೂ ತಡಕಾಡುವುದನ್ನು ಕಂಡರೆ ತಾಳಲಾರದೆ, “ಕೊಡಪ್ಪ ಇಲ್ಲಿ” ಎಂದು ಕಿತ್ತುಕೊಂಡು ತಾನೇ ಮುಗಿಸಿಬಿಡುತ್ತಿದ್ದಳು. ಕೆಲಸಗಾರರು ಕ್ರಮೇಣ ತಡಕಾಡುವ ಶ್ರಮವನ್ನೂ ಬಿಟ್ಟು, ಟೀ ಹೀರುತ್ತಾ, ಅಕ್ಕನ ಮೇಜಿನ ಮೇಲೆ ಮೀಟರುಗಳ ರಾಶಿ ಬೆಳೆಯುವುದನ್ನು ಭಕ್ತಿಯಿಂದ ನೋಡತೊಡಗಿದರು. ತಡವಾಗಿ ಮನೆಗೆ ಬಂದ ಒಂದು ದಿನ ಗಂಡ ಕೇಳಿದ್ದ: “ಬಡ್ತಿ ಬಂದಿದ್ದು ನಿನಗೋ, ಅವರಿಗೋ?”

ಇಂಥ ಹೊಸ ಮೇಲ್ವಿಚಾರಕರಿಗೆಂದು ಒಂದು ತರಬೇತಿ ಬೇಕೆಂಬುದು ಮೇಷ್ಟ್ರ ಬಹುಕಾಲದ ಹಂಬಲ. ಆದೇಶದಿಂದ ಹುದ್ದೆ ಬಂದೀತು, ವಿದ್ಯೆ ಬಾರದು ಎನ್ನುತ್ತಿದ್ದರು. ಬದಲಾದ ನಿರ್ದೇಶಕರೆಲ್ಲರ ಕೋಣೆಗೂ ಆ ಕೊಕ್ಕರೆಯ ನಡಿಗೆ ಹೋಗಿ ಬಂದಿತ್ತು. ನಿವೃತ್ತಿಗೆ ವರ್ಷವೊಂದು ಉಳಿದಿದ್ದಾಗ, ಅದೇ ಇಲಾಖೆಯ ಯಂತ್ರಗಳ ನಡುವೆ ಬೆಳೆದು ಮೇಲೇರಿದ್ದ ಹೊಸ ನಿರ್ದೇಶಕರೊಬ್ಬರು ಒಪ್ಪಿದರು, ಷರತ್ತಿನ ಮೇಲೆ. “ಒಂದು ತಂಡ ಮಾಡಿ ನೋಡಿ. ಉದ್ಘಾಟನೆಗೆ ನಾನೇ ಬರ್ತೀನಿ. ಸರಿ ಅನ್ನಿಸಿದರೆ ಮುಂದುವರಿಸೋಣ, ಇಲ್ಲಾಂದ್ರೆ ಅಲ್ಲಿಗೇ ಬಿಡೋಣ.” ಮೇಷ್ಟ್ರ ಹಂಬಲವೆಲ್ಲ ಹೀಗೆ ಒಂದು ಬೆಳಗಿನ ಸಮಾರಂಭದ ಮೇಲೆ ಬಂದು ನಿಂತಿತು.

ಆ ಬೆಳಿಗ್ಗೆ, ಮೊದಲ ತಂಡಕ್ಕೆ ಸೇರಿದ್ದ ಮೀಟರಕ್ಕ ತಡವಾಗಿ ಬಂದಳು. ಮುಂಬಾಗಿಲಿನಲ್ಲಿ ಹೊಕ್ಕರೆ ಎಲ್ಲರ ಕಣ್ಣಿಗೆ ಬೀಳಬೇಕಾದೀತೆಂದು ವೇದಿಕೆಯ ಹಿಂದಿನ ಸಣ್ಣ ಬಾಗಿಲಿನಿಂದ ನುಸುಳಿ, ಅಲ್ಲೇ ಗೋಡೆಗೊರಗಿ ನಿಂತಳು. ಹೀಗಾಗಿ ಸಭೆಯೆಲ್ಲ ಮೇಷ್ಟ್ರ ಮುಖವನ್ನು ನೋಡುತ್ತಿದ್ದಾಗ ಆಕೆಯೊಬ್ಬಳಿಗೆ ಅವರ ಬೆನ್ನಿನ ದರ್ಶನವಾಯಿತು.

ನಿರ್ದೇಶಕರಿಗೆ ಅನುಕೂಲವಾಗಲೆಂದು ಮೇಜನ್ನು ಮುಂದಕ್ಕೆಳೆದರು. ಗುಂಯ್ ಎನ್ನುತ್ತಿದ್ದ ಮೈಕು ಆ ಕ್ಷಣಕ್ಕೆ ಉಸಿರು ಬಿಟ್ಟಿತು. ಮೈಕಿನ ಹೊಣೆ ಹೊತ್ತಿದ್ದವನು ಮೇಷ್ಟ್ರ ವಿಭಾಗಕ್ಕೆ ಹಿಂದಿನ ವಾರವಷ್ಟೇ ವರ್ಗವಾಗಿ ಬಂದ ನಡುವಯಸ್ಸಿನ ಕೆಲಸಗಾರ. ಅವನು ಮೈಕನ್ನು ತಟ್ಟಿದ, ಊದಿದ, ಗುಂಡಿಯನ್ನು ಮೇಲೆ ಕೆಳಗೆ ಮಾಡಿದ. ಹಣೆಯಲ್ಲಿ ಬೆವರು ಇಳಿಯಿತು. ಮೇಜಿನ ಕಾಲು ವೈರಿನ ಮೇಲೆ ಕೂತು ಅದನ್ನು ಜಜ್ಜಿರುವುದು ಹಿಂದೆ ನಿಂತ ಮೀಟರಕ್ಕನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. “ಕೊಡಪ್ಪ ಇಲ್ಲಿ” ಎಂಬ ಮಾತು ನಾಲಗೆಯ ತುದಿಗೆ ಬಂತು, ಕಾಲು ಮುಂದಾಯಿತು.

ಅಷ್ಟರಲ್ಲಿ ಅವಳ ಕಣ್ಣು ಮೇಷ್ಟ್ರ ಕೈಗಳ ಮೇಲೆ ಬಿತ್ತು. ಎಡಗೈಯ ಹಿಡಿತದಲ್ಲಿ ಬಿಳಿಚಿಕೊಂಡಿದ್ದ ಆ ಬಲಗೈಯ ಬೆರಳುಗಳು ಸುಮ್ಮನಿರಲಿಲ್ಲ. ಹೆಬ್ಬೆರಳು ತೋರುಬೆರಳುಗಳು ಕಾಣದೊಂದು ವೈರನ್ನು ಹಿಡಿದು ಸುಲಿಯುತ್ತಿದ್ದವು, ಎಳೆಗಳನ್ನು ಹೊಸೆಯುತ್ತಿದ್ದವು, ಕಾಣದೊಂದು ಸ್ಕ್ರೂವನ್ನು ಬಿಗಿಯುತ್ತಿದ್ದವು. ದೋಷ ಎಲ್ಲಿದೆಯೆಂಬುದು ಅವರಿಗೆ ಆಗಲೇ ತಿಳಿದಿತ್ತು. ದುರಸ್ತಿಯೂ ಬೆನ್ನ ಹಿಂದೆ ಮುಗಿದುಹೋಗಿತ್ತು. ಮೀಟರಕ್ಕ ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

“ಮೇಷ್ಟ್ರೇ, ಇದು ನಿಮ್ಮದೇ ವಿದ್ಯೆ ಅಲ್ವೇನ್ರೀ?” ನಿರ್ದೇಶಕರು ಗಡಿಯಾರ ನೋಡಿಕೊಂಡರು. “ಸ್ವಲ್ಪ ನೋಡಬಾರದೇ?”

“ನೋಡ್ತಾನೇ ಇದೀನಿ ಸರ್.”

ಸಭೆಯಲ್ಲಿ ಒಂದೆರಡು ನಗೆ ಎದ್ದು ಅಲ್ಲೇ ಅಡಗಿದವು. ನಿರ್ದೇಶಕರು ತಾವೇ ಎದ್ದು, ಅಂಗಿಯ ತೋಳು ಮೇಲೇರಿಸಿ, ಮೈಕಿನ ಯಂತ್ರದತ್ತ ಬಾಗಿದರು. ಮೇಷ್ಟ್ರು ದನಿ ಏರಿಸಲಿಲ್ಲ.

“ಸರ್, ಅದು ಅವರ ಕೆಲಸ.”

ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಮೇಷ್ಟ್ರು ಕೆಲಸಗಾರನ ಕಡೆ ತಿರುಗಿ, ಮನೆಯಂಗಳದಲ್ಲಿ ಮಾತಾಡುವವರಂತೆ ಕೇಳಿದರು: “ಗುಂಯ್ ಅಂತಿತ್ತಲ್ಲ, ಯಾವಾಗ ನಿಂತಿತು?”

ಅವನು ಯೋಚಿಸಿದ. “ಮೇಜು... ಮೇಜು ಎಳೆದಾಗ ಸರ್.” ಮಾತು ಮುಗಿಯುವ ಮುನ್ನ ಮೇಜಿನಡಿ ತೂರಿದ್ದ. ಅವನು ವೈರು ಕತ್ತರಿಸಿ, ಹೊಸೆದು, ಪಟ್ಟಿ ಸುತ್ತಿ ಮೇಲೇಳುವವರೆಗೂ ಇಡೀ ಸಭೆ ಕಾದು ಕುಳಿತಿತ್ತು. ಮೈಕು ಮತ್ತೆ ಗುಂಯ್ ಎಂದಾಗ ಅವನ ಮುಖದಲ್ಲಿ ಮೂಡಿದ ಬೆಳಕನ್ನು ನೋಡಿದವರು ಕಡಿಮೆ. ಎಲ್ಲರೂ ನಿರ್ದೇಶಕರ ಮುಖ ನೋಡುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ. ಅವರು ನಾಲ್ಕು ಮಾತು ಓದಿ, ಟೀ ಮುಟ್ಟದೆ ಹೊರಟುಹೋದರು.

“ಮುಗೀತು ಕಣಕ್ಕ” ಎಂದ, ಪಕ್ಕಕ್ಕೆ ಬಂದು ನಿಂತ ಕೊಳಾಯಿ ವಿಭಾಗದ ಹೊಸ ಮೇಲ್ವಿಚಾರಕ. “ಉದ್ಘಾಟನೆ, ಸಮಾರೋಪ ಎರಡೂ ಒಂದೇ ಖರ್ಚಲ್ಲಿ.”

ಬಿಡುವಿನಲ್ಲಿ ಮೀಟರಕ್ಕ ಮೇಷ್ಟ್ರನ್ನು ಹಿಡಿದಳು. “ಒಂದು ನಿಮಿಷದ ಕೆಲಸ ಸರ್. ನೀವು ಮಾಡಿದ್ರೆ ಈ ತರಬೇತಿ ಉಳೀತಿತ್ತು.”

“ಮಾಡಿದ್ರೆ ಯಾವ ತರಬೇತಿ ಉಳೀತಿತ್ತಮ್ಮ?” ಎಂದು ನಕ್ಕು ಹೇಳಿದರು: “ಪಂಪ್ ಮನೇಲಿ ನನ್ನ ಜೊತೆ ಒಬ್ಬರಿದ್ದರು, ನನಗಿಂತ ದೊಡ್ಡವರು. ಅವರು ಏನು ಎತ್ತಿಕೊಂಡರೂ ನಾನು ಕಿತ್ತುಕೊಳ್ತಿದ್ದೆ. ಬೇಗ ಆಗ್ತಿತ್ತು. ಅವರು ನಿವೃತ್ತಿ ಆದ ದಿನ ಹಾರ ಹಾಕಿದ್ವಿ. ಅವರು ಹೇಳಿದ್ದು ಇಷ್ಟೇ: ‘ಈ ಪಂಪನ್ನ ಒಂದ್ಸಲನಾದ್ರೂ ನಾನೇ ಶುರು ಮಾಡಬೇಕು ಅಂತಿತ್ತಪ್ಪ.’ ಕೋಪದಿಂದ ಹೇಳಲಿಲ್ಲ. ಕೋಪ ಮಾಡ್ಕೊಂಡಿದ್ರೆ ಮರೀತಿದ್ನೇನೋ.” ಆಮೇಲೆ ಗದ್ದದಿಂದ ಕೋಟಿನ ಜೇಬನ್ನು ತೋರಿಸಿದರು. “ಸ್ಕ್ರೂಡ್ರೈವರ್ ಇಲ್ಲೇ ಇರ್ತಿತ್ತು. ಅವತ್ತು ಸಂಜೆ ಮನೆಯವಳ ಹತ್ರ ಹೊಲಿಸಿಬಿಟ್ಟೆ. ಹುಚ್ಚು ಅಂದ್ಲು. ಹೊಲಿಗೆ ಮಾತ್ರ ಗಟ್ಟಿ ಹಾಕಿದಾಳೆ.”

ತರಬೇತಿ ನಡೆಯಿತು. ಅಲ್ಲಿಯ ಪಾಠ ಇಷ್ಟೇ: ಒಬ್ಬರು ತಮಗೆ ಚೆನ್ನಾಗಿ ಬರುವ ಕೆಲಸವನ್ನು ಬಾರದವರಿಂದ ಮಾಡಿಸಬೇಕು. ಪ್ರಶ್ನೆ ಕೇಳಬಹುದು, ಮುಟ್ಟುವಂತಿಲ್ಲ. ಮೀಟರಕ್ಕನಿಗೆ ಮೊದಲ ದಿನ ಉಪವಾಸಕ್ಕಿಂತ ಕಷ್ಟವಾಯಿತು. ಆದರೆ ಎರಡನೆಯ ತಂಡದ ಸುದ್ದಿ ಮಾತ್ರ ನಿರ್ದೇಶಕರ ಕೋಣೆಯಿಂದ ಬರಲಿಲ್ಲ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಆಕೆ ಕಿಟಕಿಯಿಂದ ಕೆಳಗೆ ನೋಡಿದಳು. ಅಂಗಳದಲ್ಲಿ ನಿರ್ದೇಶಕರ ಕಾರು ಪಂಕ್ಚರಾಗಿ ಒಂದು ಮಗ್ಗುಲಿಗೆ ವಾಲಿ ನಿಂತಿತ್ತು. ಹೊಸ ಚಾಲಕ ಜಾಕಿಯನ್ನು ತಲೆಕೆಳಗು ಮಾಡಿ ಪರೀಕ್ಷಿಸುತ್ತಿದ್ದ. ಬಿಸಿಲಿನಲ್ಲಿ, ಆಕೆಗೆ ಬೆನ್ನು ತೋರಿಸಿ, ನಿರ್ದೇಶಕರು ನಿಂತಿದ್ದರು. ಕೈಗಳೆರಡೂ ಹಿಂದೆ.

“ಸರ್, ಇಲ್ಲಿ ಬನ್ನಿ.”

ಮೇಷ್ಟ್ರು ಬಂದು ಕತ್ತು ಚಾಚಿ ಬಹಳ ಹೊತ್ತು ನೋಡಿದರು. “ಬೆರಳು ನೋಡಮ್ಮ” ಎಂದರು ಪಿಸುದನಿಯಲ್ಲಿ. “ನಟ್ಟು ಬಿಚ್ತಿದಾರೆ.”

ಎರಡನೆಯ ತಂಡಕ್ಕೆ ಒಪ್ಪಿಗೆ ಆಮೇಲೆ ಬಂತು. ಬರುವುದೆಂಬುದರಲ್ಲಿ ಆ ಕಿಟಕಿಯ ಬಳಿ ನಿಂತ ಇಬ್ಬರಿಗೂ ಸಂದೇಹವಿರಲಿಲ್ಲ.

ಮಾಡಬಲ್ಲವರು ಲೋಕದಲ್ಲಿ ಅನೇಕರು. ಮಾಡಬಲ್ಲೆವೆಂದುಕೊಂಡವರಂತೂ ಇನ್ನೂ ಅನೇಕರು. ಮಾಡಬಲ್ಲ ಕೈಯನ್ನು ಹಿಂದಿಟ್ಟುಕೊಂಡು, ಇನ್ನೊಬ್ಬರ ತಡವರಿಕೆಯ ಮುಂದೆ ಪ್ರೀತಿಯಿಂದ ಕಾಯುವವರು ಮಾತ್ರ ವಿರಳ. ಅವರನ್ನು ನಾವು ಜಡರೆಂದೋ ಗರ್ವಿಗಳೆಂದೋ ತಿಳಿಯುತ್ತೇವೆ, ಏಕೆಂದರೆ ನಾವು ನಿಂತು ನೋಡುವುದು ಮುಂದಿನಿಂದ. ಇಷ್ಟು ದೊಡ್ಡ ಜಗತ್ತನ್ನು ಮಾಡಿ, ನಾವು ಎಡವುವಾಗಲೆಲ್ಲ ಸುಮ್ಮನಿದ್ದಾನೆಂದು ನಾವು ದೂರುವ ಆ ಪರಮಾತ್ಮನ ಬೆನ್ನನ್ನೂ ಯಾರೂ ಕಂಡವರಿಲ್ಲ.