ವರ್ಡೆಲಳ ಕಾಯಿಲೆಯ ಹೆಸರು

ಚರ್ಚಿನ ಬಾಗಿಲಲ್ಲಿ ನಿಂತು ಇಮೋಜೀನ್ ಶವಸಂಸ್ಕಾರಕ್ಕೆ ಬಂದವರಿಗೆ ಹಂಚುವ ಒಂದೊಂದೇ ಹಾಳೆಯಲ್ಲಿ ‘ದೀರ್ಘಕಾಲದ ಅನಾರೋಗ್ಯದಿಂದ’ ಎಂಬ ಮಾತನ್ನು ಹೊಡೆದುಹಾಕಿ, ಮೇಲೆ ‘ಸ್ತನ ಕ್ಯಾನ್ಸರಿನಿಂದ’ ಎಂದು ಬರೆಯುತ್ತಿದ್ದಳು. ಒಳಗೆ ಶವಪೆಟ್ಟಿಗೆಯಲ್ಲಿ ಅವಳ ಗೆಳತಿ ವರ್ಡೆಲ್ ಮಲಗಿದ್ದಳು. ಐವತ್ತಮೂರು ವರ್ಷ, ಅಮೆರಿಕದ ಮೆಂಫಿಸ್‌ನಲ್ಲಿ ಶಾಲಾ ಬಸ್ಸು ಓಡಿಸುತ್ತಿದ್ದವಳು.

ಹಾಳೆ ಅಚ್ಚು ಹಾಕಿಸಿದ್ದ ಪಾಸ್ಟರ ಹೆಂಡತಿ ಸೆಲೆಸ್ಟೀನ್ ಧಾವಿಸಿ ಬಂದಳು. “ಏನೇ ಇದು? ದೇವರ ಮನೇಲಿ ಆ ಮಾತು ಬರೀತೀಯಾ?”

“ದೇವರೇ ಕೊಟ್ಟ ಅಂಗ ತಾನೇ? ಅವನಿಗಿಲ್ಲದ ನಾಚಿಕೆ ನಿನಗ್ಯಾಕೆ?”

“ಮರ್ಯಾದೆ ಅಂತ ಒಂದಿದೆ, ಇಮೋಜೀನ್.”

“ವರ್ಡೆಲ್ ಅಮ್ಮನ್ನೂ ಹಿಂಗೇ ಮರ್ಯಾದೆಯಾಗಿ ಹೂತ್ರಿ. ಏನಾಗಿತ್ತು ಅಂತ ಮಗಳಿಗೆ ಗೊತ್ತಾಗೋಕೆ ಇಪ್ಪತ್ತು ವರ್ಷ ಬೇಕಾಯ್ತು.”

ಸೆಲೆಸ್ಟೀನ್ ಒಳಗೆ ಹೋದಳು.

*

ನಲವತ್ತೊಂದನೇ ವಯಸ್ಸಿನಲ್ಲಿ ವರ್ಡೆಲಳಿಗೆ ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗ ಡಾಕ್ಟರು ತಲೆ ಎತ್ತದೆ, “ಚಿಕ್ಕ ವಯಸ್ಸು, ಆರು ತಿಂಗಳು ಬಿಟ್ಟು ಬಾ” ಎಂದಿದ್ದ. ವರ್ಡೆಲ್ ಕುರ್ಚಿ ಬಿಟ್ಟು ಏಳಲಿಲ್ಲ.

“ನನ್ನ ಬಸ್ಸಿನ ಇಂಜಿನ್ನು ಸದ್ದು ಮಾಡಿದ್ರೆ ನಾನು ಆರು ತಿಂಗಳು ಕಾಯಲ್ಲ. ಪರೀಕ್ಷೆಗೆ ಬರೀರಿ. ಇಲ್ಲಾಂದ್ರೆ ಯಾಕೆ ಬರೆಯಲ್ಲ ಅಂತ ಕಾಗದದಲ್ಲಿ ಬರೆದು ಸಹಿ ಹಾಕಿ.”

ಅವನು ಪರೀಕ್ಷೆಗೆ ಬರೆದ. ಎಡ ಸ್ತನ ಹೋಯಿತು. ಹನ್ನೆರಡು ವರ್ಷ ಸಿಕ್ಕಿತು.

ಅಷ್ಟೂ ವರ್ಷ ಸೋಮವಾರದ ಸಂಜೆಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರನ್ನು ಕೂರಿಸಿ, ರಬ್ಬರಿನ ಸ್ತನವೊಂದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಳು. “ಒಳಗೆ ಬಟಾಣಿಯಷ್ಟು ಗಂಟಿದೆ, ಹುಡುಕಿ. ನಾಚಿಕೊಳ್ಳೋರಿಗೆ ತಿನ್ನೋಕೆ ಗೆಣಸಿನ ಪೈ ಇಲ್ಲ! ನಮ್ಮ ಕಪ್ಪು ಹೆಂಗಸರಿಗೆ ಇದು ಎಷ್ಟೋ ಸಲ ಬೇಗ ಬರುತ್ತೆ, ಗೊತ್ತಾಗೋದು ಮಾತ್ರ ತಡವಾಗಿ.” ಯಾರನ್ನೂ ಆಸ್ಪತ್ರೆಗೆ ಒಂಟಿಯಾಗಿ ಕಳಿಸಲಿಲ್ಲ. ಇಮೋಜೀನಳಿಗೆ ಕೀಮೋ ನಡೆದಾಗ ಪಕ್ಕದಲ್ಲಿ ಕೂತು ಪಾಸ್ಟರನ್ನು ಅಣಕಿಸಿ ನಗಿಸಿದ್ದಳು.

ಕಳೆದ ವರ್ಷ ಕಾಯಿಲೆ ತಿರುಗಿ ಬಂದು ಮೂಳೆಗೆ ಇಳಿಯಿತು. “ನಾನು ಸತ್ತಮೇಲೆ ‘ಹೋರಾಡಿ ಸೋತಳು’ ಅಂತ ಯಾರಾದ್ರೂ ಅಂದ್ರೆ ಎದ್ದು ಬಂದು ಬಡೀತೀನಿ,” ಎಂದಿದ್ದಳು.

*

“ನಮ್ಮ ಸೋದರಿ ದೀರ್ಘಕಾಲದ...” ಪಾಸ್ಟರು ಶುರು ಮಾಡಿದರು.

“ಹೆಸರು ಹೇಳಿ, ಪಾಸ್ಟರ್!” ಇಮೋಜೀನ್ ಕೂಗಿದಳು.

“ಹೌದು, ಹೇಳಿ!” ಹಿಂದಿನ ಬೆಂಚುಗಳಿಂದಲೂ ದನಿ ಎದ್ದಿತು.

ಪಾಸ್ಟರು ದಿಕ್ಕು ತೋಚದೆ ಹೆಂಡತಿಯತ್ತ ನೋಡಿದರು. ಸೆಲೆಸ್ಟೀನ್ ಎದ್ದು ನಿಂತಿದ್ದಳು.

“ಸ್ತನ ಕ್ಯಾನ್ಸರು,” ಎಂದಳು. ಆಮೇಲೆ, ಗಂಡನನ್ನೇ ನೋಡುತ್ತ, “ನನಗೂ ಗಂಟಿದೆ. ಈಸ್ಟರ್ ಹಬ್ಬದಿಂದ. ಯಾರಿಗೂ ಹೇಳಿಲ್ಲ.”

ಹೆಂಗಸರ ಕೈಯ ಬೀಸಣಿಗೆಗಳು ನಿಂತವು. ಇಮೋಜೀನ್ ಬೆಂಚಿನಲ್ಲಿ ಕೂತವರ ಮೊಣಕಾಲುಗಳನ್ನು ಸರಿಸುತ್ತ ಅವಳ ಬಳಿಗೆ ನುಗ್ಗಿ ಕೈ ಹಿಡಿದಳು.

“ಸೋಮವಾರ ಬೆಳಿಗ್ಗೆ ಎಂಟಕ್ಕೆ ರೆಡಿ ಇರು, ಆಸ್ಪತ್ರೆಗೆ ಹೋಗೋಣ. ಕಾರು ತರ್ತೀನಿ.”

“ನಾನೂ ಬರ್ತೀನಿ,” ಎಂದಳು ಒಬ್ಬಳು.

“ಕಾರು ಸಾಲಲ್ಲ ಕಣೆ, ಬಸ್ಸೇ ಬೇಕು!” ಎಂದಳು ಇನ್ನೊಬ್ಬಳು. ಅಳುವಿನ ನಡುವೆಯೇ ನಗು ಎದ್ದಿತು.

ಪಾಸ್ಟರು ವೇದಿಕೆಯಿಂದ ಕೆಳಗಿಳಿದು ಬಂದರು. ಹೆಂಡತಿಯ ಬಳಿ ಹೋಗಲು ದಾರಿಯಿರಲಿಲ್ಲ. ಹೆಂಗಸರು ಅಷ್ಟು ಒತ್ತಾಗಿ ಸುತ್ತುವರಿದಿದ್ದರು. ಅಪ್ಪಿಕೊಳ್ಳಲು ಅಡ್ಡವಾಗಿದ್ದ ಅವಳ ಅಗಲವಾದ ನೇರಳೆ ಟೋಪಿಯನ್ನು ಯಾರೋ ತೆಗೆದು, ತಲೆಗಳ ಮೇಲಿಂದ ಪಾಸ್ಟರಿಗೆ ದಾಟಿಸಿದರು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ತಮ್ಮ ಸರದಿಗೆ ಕಾಯುತ್ತ ನಿಂತರು.